ಮೈನಸ್ 78ನ್ನು 372ರ ಜೊತೆ ಹೋಲಿಸಬೇಡಿ

ಬಂಗುಡೆಯ ಉದ್ದ ಎರಡು ಪಟ್ಟಾದರೆ ತೂಕ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಅದಕ್ಕೇ ಮಲ್ಪೆ ಬಂದರಿನಲ್ಲಿ ಮೀನು ಅಳೆದು ಪ್ರಬಂಧ ಬರೆಯುವವರು ಉದ್ದ, ತೂಕ ಎರಡಕ್ಕೂ ಲಾಗ್ ತೆಗೆದು ನೇರ ಗೆರೆ ಎಳೆಯುತ್ತಾರೆ. ಅಲ್ಲಿಯವರೆಗೆ ತೊಂದರೆ ಇಲ್ಲ. ಗಂಡು–ಹೆಣ್ಣಿಗೆ ಬೇರೆ ಗೆರೆ ಬೇಕೇ, ತಿಂಗಳಿಗೊಂದು ಬೇರೆ ಗೆರೆ ಬೇಕೇ ಎಂಬ ಪ್ರಶ್ನೆ ಬಂದಾಗ ಯಾವ ಗೆರೆ, ಅಂದರೆ ಯಾವ ಮಾದರಿ, ಒಳ್ಳೆಯದೆಂದು ಅಂಕ ಕೊಡುವ ಎಐಸಿ, ಬಿಐಸಿ ಎಂಬ ಎರಡು ಅಳತೆಗಳ ಕಾಲಂ ಪ್ರಬಂಧದೊಳಗೆ ಬರುತ್ತವೆ, ಮತ್ತು ಎರಡೂ ಬೇರೆ ಬೇರೆ ಮಾದರಿಯತ್ತ ಕೈ ತೋರಿಸುತ್ತವೆ. ಆಗ ತಮಗೆ ಹಿಡಿಸಿದ ಉತ್ತರ ಕೊಟ್ಟ ಕಾಲಂ ಉಳಿಸಿಕೊಂಡು ಇನ್ನೊಂದನ್ನು ಅಳಿಸುವವರಿದ್ದಾರೆ. ಅದು ತಪ್ಪು. ಯಾವ ಕಾಲಂ ನಂಬಬೇಕು ಎಂಬುದು ಲೆಕ್ಕಕ್ಕೆ ಕೂರುವ ಮೊದಲೇ, ನಿಮ್ಮ ಪ್ರಶ್ನೆ ನೋಡಿ ತೀರ್ಮಾನವಾಗಬೇಕು.

ಲೆಕ್ಕ ಮಾಡಿ ತೋರಿಸಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. 48 ಬಂಗುಡೆ; ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್ ತಿಂಗಳಲ್ಲಿ ತಲಾ 12. ಮೊದಲನೆಯ ಮಾದರಿಯಲ್ಲಿ ಉದ್ದ ಮಾತ್ರ. ಎರಡನೆಯದರಲ್ಲಿ ಉದ್ದ, ಜೊತೆಗೆ ಹೊಟ್ಟೆ ಸೀಳಿ ಗುರುತಿಸಿದ ಗಂಡು–ಹೆಣ್ಣು. ಮೂರನೆಯದರಲ್ಲಿ ಇವೆರಡರ ಮೇಲೆ ತಿಂಗಳೂ ಸೇರಿದೆ.

ಪ್ರತಿ ಮಾದರಿಗೂ ಮೊದಲು ಬೇಕಾದದ್ದು ಲೈಕ್ಲಿಹುಡ್, ಅಂದರೆ ಆ ಮಾದರಿ ನಿಜವಾಗಿದ್ದರೆ ನಮ್ಮ ಕೈಯಲ್ಲಿರುವ ಅಂಕಿಗಳೇ ಬರುವ ಸಾಧ್ಯತೆಯ ಅಳತೆ. ಅದರ ಲಾಗ್ ತೆಗೆದು ಮೈನಸ್ ಎರಡರಿಂದ ಗುಣಿಸುತ್ತೇವೆ. ಈ ಸಂಖ್ಯೆ ಮೂರು ಮಾದರಿಗಳಿಗೆ ಕ್ರಮವಾಗಿ ಮೈನಸ್ 84.0, ಮೈನಸ್ 88.6, ಮೈನಸ್ 97.4 ಎಂದಿಟ್ಟುಕೊಳ್ಳಿ. ಚರಾಂಶ (ಗಂಡು–ಹೆಣ್ಣು, ತಿಂಗಳು ಇಂಥವು) ಸೇರಿಸಿದಷ್ಟೂ ಇದು ಇಳಿಯುತ್ತಲೇ ಹೋಗುತ್ತದೆ. ಕೆಲಸಕ್ಕೆ ಬಾರದ್ದನ್ನು ಸೇರಿಸಿದರೂ ಏರುವುದಿಲ್ಲ. ಹಾಗಾಗಿ ನಿಯತಾಂಕಕ್ಕೆ, ಅಂದರೆ ಮಾದರಿ ಅಂಕಿಗಳಿಂದ ಅಂದಾಜಿಸುವ ಪ್ರತಿ ಸಂಖ್ಯೆಗೆ, ಇಷ್ಟೆಂದು ದಂಡ ಹಾಕಬೇಕು. ಎಐಸಿ ಪ್ರತಿ ನಿಯತಾಂಕಕ್ಕೆ 2 ಕೂಡಿಸುತ್ತದೆ. ಬಿಐಸಿ ಕೂಡಿಸುವುದು ಅಂಕಿಗಳ ಸಂಖ್ಯೆಯ ಸ್ವಾಭಾವಿಕ ಲಾಗ್ ಅನ್ನು. 48 ಮೀನಿಗೆ ಅದು 3.87.

ನಿಯತಾಂಕ ಎಣಿಸುವಾಗ ಹಲವರು ಎಡವುತ್ತಾರೆ. ಮೊದಲ ಮಾದರಿಯಲ್ಲಿ ಎರಡಲ್ಲ, ಮೂರು ಇವೆ: ಗೆರೆಯ ಎತ್ತರ, ಇಳಿಜಾರು, ಮತ್ತು ಉಳಿಕೆಗಳ (ನಿಜ ತೂಕಕ್ಕೂ ಗೆರೆ ಹೇಳುವ ತೂಕಕ್ಕೂ ಇರುವ ಅಂತರಗಳ) ಹರಡು. ಎರಡನೆಯದರಲ್ಲಿ ನಾಲ್ಕು. ನಾಲ್ಕು ತಿಂಗಳಿಗೆ ಮೂರು (ಒಂದು ತಿಂಗಳು ಹೋಲಿಕೆಯ ಬುಡ) ಸೇರಿ ಮೂರನೆಯದರಲ್ಲಿ ಏಳು. ಈಗ ಎಐಸಿ ಮೈನಸ್ 78.0, ಮೈನಸ್ 80.6, ಮೈನಸ್ 83.4. ಚಿಕ್ಕದು ಗೆಲ್ಲುತ್ತದೆ, ಋಣ ಸಂಖ್ಯೆಗಳಲ್ಲಿ ಚಿಕ್ಕದೆಂದರೆ ಮೈನಸ್ 83.4, ಮೈನಸ್ 78 ಅಲ್ಲ. ಇದನ್ನು ತಿರುಗಾಮುರುಗಾ ಮಾಡಿದ ಕೋಷ್ಟಕಗಳು ಅಚ್ಚಾದ ಲೇಖನಗಳಲ್ಲೂ ಸಿಗುತ್ತವೆ. ಬಿಐಸಿ ಮೈನಸ್ 72.4, ಮೈನಸ್ 73.1, ಮೈನಸ್ 70.3. ಎಐಸಿ ಮೂರನೆಯದನ್ನು ಆರಿಸಿತು, ಬಿಐಸಿ ಎರಡನೆಯದನ್ನು.

ಇವೆರಡರ ಗುರಿ ಒಂದೇ ಅಲ್ಲ. ಜಪಾನಿನ ಹಿರೊತುಗು ಅಕೈಕೆ 1973ರಲ್ಲಿ ಮುಂದಿಟ್ಟ ಎಐಸಿ ಕೇಳುವುದು ಇದನ್ನು: ನಾಳೆ ಇದೇ ಬಂದರಿಗೆ ಬರುವ ಹೊಸ ಮೀನುಗಳ ತೂಕವನ್ನು ಯಾವ ಮಾದರಿ ಚೆನ್ನಾಗಿ ಹೇಳುತ್ತದೆ? ಪಟ್ಟಿಯಲ್ಲಿ ಸತ್ಯವಾದ ಮಾದರಿ ಇದೆ ಎಂದು ಅದು ಭಾವಿಸುವುದಿಲ್ಲ. ಗಿಡಿಯನ್ ಶ್ವಾರ್ಜ್ 1978ರಲ್ಲಿ ಕೊಟ್ಟ ಬಿಐಸಿ, ಪಟ್ಟಿಯಲ್ಲಿರುವ ಮಾದರಿಗಳಲ್ಲಿ ಈ ಅಂಕಿಗಳನ್ನು ಹುಟ್ಟಿಸಿದ್ದಿರಬಹುದಾದದ್ದು ಯಾವುದು ಎಂದು ಬೇಯ್ಸ್ ದಾರಿಯಲ್ಲಿ ಅಂದಾಜಿಸುತ್ತದೆ. ಸತ್ಯ ಪಟ್ಟಿಯಲ್ಲಿದ್ದು ಅಂಕಿಗಳು ಹೆಚ್ಚುತ್ತಾ ಹೋದರೆ ಬಿಐಸಿ ಅದನ್ನೇ ಹಿಡಿಯುತ್ತದೆ. ಎಐಸಿ ಎಷ್ಟೇ ಅಂಕಿ ಕೊಟ್ಟರೂ ಆಗಾಗ ಒಂದು ಹೆಚ್ಚುವರಿ ಚರಾಂಶ ಇಟ್ಟುಕೊಳ್ಳುತ್ತದೆ. ಎಷ್ಟು ಆಗಾಗ? ಒಂದೇ ಒಂದು ನಿರುಪಯೋಗಿ ನಿಯತಾಂಕದ ಬಗ್ಗೆಯಾದರೆ ನೂರಕ್ಕೆ ಸುಮಾರು 16 ಸಲ. 48 ಅಂಕಿಗಳಿರುವಾಗ ಬಿಐಸಿಗೆ ಇದು ಹತ್ತಿರಹತ್ತಿರ ನೂರಕ್ಕೆ 5, ಸಾವಿರ ಅಂಕಿಗಳಿದ್ದರೆ ನೂರಕ್ಕೆ 1ಕ್ಕಿಂತ ಕಡಿಮೆ. ಮೀನಿನ ಉದ್ದ ನೋಡಿ ತೂಕ ಅಂದಾಜಿಸುವ ಸೂತ್ರವೇ ಬೇಕಿದ್ದರೆ ನಾನು ಎಐಸಿ ಕಡೆ. ಗಂಡು–ಹೆಣ್ಣಿನ ತೂಕದಲ್ಲಿ ನಿಜಕ್ಕೂ ವ್ಯತ್ಯಾಸವಿದೆಯೇ ಎಂಬುದೇ ಪ್ರಬಂಧದ ಪ್ರಶ್ನೆಯಾಗಿದ್ದರೆ ಬಿಐಸಿ ಕಡೆ.

ಆದರೆ 48 ಮೀನಿಗೆ ಬರೀ ಎಐಸಿ ಸಾಲದು. ಅಂಕಿಗಳ ಸಂಖ್ಯೆಯನ್ನು ನಿಯತಾಂಕಗಳ ಸಂಖ್ಯೆಯಿಂದ ಭಾಗಿಸಿದಾಗ 40ಕ್ಕಿಂತ ಕಡಿಮೆ ಬಂದರೆ ಅಂಕಿಗಳು ಕಡಿಮೆ ಇರುವ ಸಂದರ್ಭಕ್ಕೆಂದು ತಿದ್ದಿದ ಎಐಸಿ-ಸಿ ಬಳಸುವುದು ರೂಢಿ. ಇಲ್ಲಿ 48 ಭಾಗಿಸು 7 ಅಂದರೆ ಏಳೂ ಆಗಲಿಲ್ಲ. ನಿಯತಾಂಕ ಕೆ, ಅಂಕಿಗಳು ಎನ್ ಆದರೆ, 2 × ಕೆ × (ಕೆ + 1), ಅದನ್ನು (ಎನ್ − ಕೆ − 1)ರಿಂದ ಭಾಗಿಸಿ ಎಐಸಿಗೆ ಸೇರಿಸಬೇಕು. ಮೂರನೆಯ ಮಾದರಿಗೆ 112 ಭಾಗಿಸು 40, ಅಂದರೆ 2.8. ಎರಡನೆಯದಕ್ಕೆ 0.93, ಮೊದಲನೆಯದಕ್ಕೆ 0.55. ಆಗ ಎಐಸಿ-ಸಿ ಮೈನಸ್ 77.45, ಮೈನಸ್ 79.67, ಮೈನಸ್ 80.60. 2.8ರ ಮುನ್ನಡೆ 0.93ಕ್ಕೆ ಕುಸಿಯಿತು. ಈ ಅಂತರಗಳನ್ನು ಪ್ರತಿ ಮಾದರಿಗೆ ಸಲ್ಲುವ ನಂಬಿಕೆಯ ಪಾಲುಗಳಾಗಿ (ಅಕೈಕೆ ತೂಕ ಎನ್ನುತ್ತಾರೆ, ಮೀನಿನ ತೂಕವಲ್ಲ) ಪರಿವರ್ತಿಸಿದರೆ ಮೂರನೆಯದಕ್ಕೆ 0.54, ಎರಡನೆಯದಕ್ಕೆ 0.34, ಮೊದಲನೆಯದಕ್ಕೆ 0.11. ‘ಮೂರನೆಯದೇ ಸರಿ’ ಎಂದು ಬರೆಯಲು ಇಷ್ಟು ಸಾಕಾಗುವುದಿಲ್ಲ. ಎರಡೂ ಮಾದರಿಗಳನ್ನು ಪ್ರಬಂಧದಲ್ಲಿ ಇಟ್ಟು, ಎರಡರಿಂದಲೂ ಬಂದ ಇಳಿಜಾರನ್ನು ತೋರಿಸಿ.

ಇನ್ನು ಶೀರ್ಷಿಕೆಯ ಮಾತು. ಕೆಲವರು ಲಾಗ್ ತೆಗೆಯದೆ, ಗ್ರಾಂ ಲೆಕ್ಕದಲ್ಲೇ ಘಾತದ ವಕ್ರರೇಖೆ ಕೂರಿಸುತ್ತಾರೆ. ಅದರ ಎಐಸಿ 372 ಬಂತೆನ್ನಿ. ಪಕ್ಕದಲ್ಲಿ ಲಾಗ್ ಮಾದರಿಯ ಮೈನಸ್ 78 ಇಟ್ಟು, ‘450 ಅಂಕಗಳ ಭಾರೀ ಗೆಲುವು’ ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುವುದು ಖಂಡಿತ. ಒಂದು ಲಾಗ್ ಗ್ರಾಂನ ಲೈಕ್ಲಿಹುಡ್, ಇನ್ನೊಂದು ಗ್ರಾಂನದು. ಒಂದು ತಕ್ಕಡಿಯಲ್ಲಿ ಸೇರು, ಇನ್ನೊಂದರಲ್ಲಿ ಕಿಲೋ ಇಟ್ಟು ಅಂಕಿ ಮಾತ್ರ ಹೋಲಿಸಿದ ಹಾಗೆ. ತಿದ್ದುವುದು ಕಷ್ಟವಲ್ಲ: ಎಲ್ಲ ಮೀನುಗಳ ತೂಕದ ಸ್ವಾಭಾವಿಕ ಲಾಗ್‌ಗಳನ್ನು ಕೂಡಿಸಿ, ಎರಡರಿಂದ ಗುಣಿಸಿ, ಲಾಗ್ ಮಾದರಿಯ ಎಐಸಿಗೆ ಸೇರಿಸಿ. ಲಾಗ್‌ಗಳ ಸರಾಸರಿ 4.5 (ಅಂದರೆ ಸುಮಾರು 90 ಗ್ರಾಂ ಮೀನು) ಆಗಿದ್ದರೆ 2 × 48 × 4.5 = 432. ಮೈನಸ್ 78ಕ್ಕೆ 432 ಸೇರಿದರೆ 354. ಲಾಗ್ ಮಾದರಿ ಗೆದ್ದದ್ದು ನಿಜ, ಆದರೆ 18ರಿಂದ. ಕೆಲವೊಮ್ಮೆ ಈ ತಿದ್ದುಪಡಿ ಮಾಡಿದ ಮೇಲೆ ಗೆಲುವೇ ತಿರುಗಿಬೀಳುತ್ತದೆ.

ಸಾಫ್ಟ್‌ವೇರ್ ಕೂಡ ಇಂಥದ್ದೇ ಒಂದು ಬಲೆ ಒಡ್ಡುತ್ತದೆ. ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಎಐಸಿ ಎಂಬ ಫಂಕ್ಷನ್ ಮೈನಸ್ 78.0 ಎಂದ ಅದೇ ಮಾದರಿಗೆ, ಸ್ಟೆಪ್ ಎಂಬ ಫಂಕ್ಷನ್ ಮೈನಸ್ 216.2 ಎನ್ನುತ್ತದೆ. ಎರಡನೆಯದು ಕೆಲವು ಸ್ಥಿರಾಂಕಗಳನ್ನು ಕೈಬಿಟ್ಟು, ಹರಡಿನ ನಿಯತಾಂಕವನ್ನೂ ಎಣಿಸದೆ ಲೆಕ್ಕ ಹಾಕುತ್ತದೆ. ಒಂದೇ ಫಂಕ್ಷನ್‌ನೊಳಗೆ ಹೋಲಿಸಿದರೆ ಎರಡೂ ಸರಿ. ಬೆರೆಸಿದರೆ 138ರಷ್ಟು ಸುಳ್ಳು ಅಂತರ.

ಮಂಗಳೂರಿನ ಮಲೇರಿಯಾ ಮತ್ತು ಮಳೆಯ ಸಂಬಂಧ ನೋಡುವವರಿಗೆ ಬೇರೆ ತೊಡಕು. ಮಳೆ ಬಂದ ಒಂದು, ಎರಡು, ಮೂರು ತಿಂಗಳ ನಂತರದ ಪರಿಣಾಮ ನೋಡಲು ಮಳೆಯ ಕಾಲಂ ಅನ್ನು ಕೆಳಕ್ಕೆ ಸರಿಸುತ್ತೇವೆ. 120 ತಿಂಗಳ ಅಂಕಿಗಳಲ್ಲಿ ಒಂದು ತಿಂಗಳ ಸರಿತಕ್ಕೆ 119 ಸಾಲು ಉಳಿಯುತ್ತವೆ, ಮೂರು ತಿಂಗಳದಕ್ಕೆ 117. ಸಾಲು ಕಡಿಮೆಯಾದ ಮಾದರಿ ಸುಮ್ಮನೆ ಗೆದ್ದಂತೆ ಕಾಣಬಹುದು. ಮೊದಲೇ 117 ಸಾಲುಗಳ ಒಂದು ಕಡತ ಮಾಡಿಟ್ಟು, ಎಲ್ಲ ಮಾದರಿಗಳನ್ನೂ ಅದರ ಮೇಲೆಯೇ ಕೂರಿಸಬೇಕು. ಸಾಲುಗಳು ಸಮವಿಲ್ಲ ಎಂದು ಆರ್ ಎಚ್ಚರಿಕೆ ಕೊಡುತ್ತದೆ. ಅದನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಪ್ರಕರಣಗಳ ಎಣಿಕೆಗೆ, ಎಣಿಕೆಯ ಅಂಕಿಗಳಿಗೆಂದೇ ಇರುವ ಪಾಯ್ಸನ್ ಮತ್ತು ನೆಗೆಟಿವ್ ಬೈನಾಮಿಯಲ್ ಮಾದರಿಗಳನ್ನು ಎಐಸಿಯಿಂದ ಹೋಲಿಸಬಹುದು, ಎರಡೂ ಪೂರ್ಣ ಲೈಕ್ಲಿಹುಡ್ ಕೊಡುತ್ತವೆ. ಕ್ವಾಸಿ-ಪಾಯ್ಸನ್‌ಗೆ ಲೈಕ್ಲಿಹುಡ್ಡೇ ಇಲ್ಲ, ಎಐಸಿಯೂ ಇಲ್ಲ.

ಮೀನು ಹಿಡಿದ ತಿಂಗಳವಾರು ಲೆಕ್ಕದಲ್ಲಿ ಜೂನ್, ಜುಲೈಯ ಸೊನ್ನೆಗಳ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ಸೊನ್ನೆಗಳು ಸರ್ಕಾರದ ಆದೇಶದಿಂದ ಬಂದವು, ಆಕಸ್ಮಿಕದಿಂದಲ್ಲ. ಅವನ್ನು ಸೇರಿಸಿಕೊಂಡು ಸೊನ್ನೆ ಹೆಚ್ಚಿರುವ ಅಂಕಿಗಳಿಗೆಂದೇ ಇರುವ ಮಾದರಿ ಕೂರಿಸಿದರೆ ಅದರ ಎಐಸಿ ಅದ್ಭುತವಾಗಿ ಇಳಿಯುತ್ತದೆ. ಇಳಿಯಲೇಬೇಕು: ಕ್ಯಾಲೆಂಡರ್ ನೋಡಿದರೆ ಗೊತ್ತಾಗುವುದನ್ನೇ ಮಾದರಿ ಕಂಡುಹಿಡಿದಿರುತ್ತದೆ. ಆ ಎರಡು ತಿಂಗಳನ್ನು ಎಲ್ಲ ಮಾದರಿಗಳಿಂದಲೂ ತೆಗೆದು ಹೋಲಿಸಿ.

ಬಂಗುಡೆಗೆ ವಾಪಸ್ ಬರುತ್ತೇನೆ, ಯಾಕೆಂದರೆ 48 ಎಂಬ ಸಂಖ್ಯೆಯನ್ನೇ ಇಲ್ಲಿಯವರೆಗೆ ಪ್ರಶ್ನಿಸದೆ ಬಿಟ್ಟೆವು. ಆ 48 ಮೀನುಗಳು ಆರು ದೋಣಿಗಳಿಂದ, ದೋಣಿಗೆ ಎಂಟರಂತೆ ಬಂದಿದ್ದರೆ? ಒಂದೇ ಬಲೆಗೆ ಬಿದ್ದ ಹಿಂಡಿನ ಮೀನುಗಳು ತಮ್ಮತಮ್ಮಲ್ಲಿ ಹೋಲುತ್ತವೆ: ಒಂದೇ ವಯಸ್ಸು, ಒಂದೇ ಮೇವು. ಹೊಸ ಸುದ್ದಿ ಹೇಳುವವು 48 ಅಲ್ಲ, ಅದಕ್ಕಿಂತ ಕಡಿಮೆ. ಬಿಐಸಿಯ ದಂಡಕ್ಕೆ 48ರ ಲಾಗ್ 3.87 ಹಾಕಬೇಕೇ, ಆರರ ಲಾಗ್ 1.79 ಹಾಕಬೇಕೇ? ಆರು ಎಂದಿಟ್ಟರೆ ಬಿಐಸಿಯ ದಂಡ ಎಐಸಿಯದಕ್ಕಿಂತಲೂ ಹಗುರ. ದೋಣಿಯನ್ನು ಯಾದೃಚ್ಛಿಕ ಪರಿಣಾಮವಾಗಿ (ದೋಣಿಯಿಂದ ದೋಣಿಗೆ ಆಕಸ್ಮಿಕವಾಗಿ ಬದಲಾಗುವ ಅಂಶವಾಗಿ) ಮಾದರಿಯೊಳಗೆ ತಂದು, ದಂಡಕ್ಕೆ ಯಾವ ಸಂಖ್ಯೆ ಬಳಸಿದಿರಿ ಎಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಾಗೆ ಮಾಡುವಾಗ ಆರ್‌ನ ಎಲ್‌ಎಂಇ4 ಪ್ಯಾಕೇಜ್ ತಾನಾಗಿಯೇ ಬಳಸುವ ರೆಮ್ಲ್ (ನಿರ್ಬಂಧಿತ ಗರಿಷ್ಠ ಲೈಕ್ಲಿಹುಡ್) ವಿಧಾನ ಬಿಟ್ಟು ಎಂಎಲ್‌ಗೆ (ಸಾಮಾನ್ಯ ಗರಿಷ್ಠ ಲೈಕ್ಲಿಹುಡ್‌ಗೆ) ಬದಲಿಸಿಕೊಳ್ಳಿ. ಗಂಡು–ಹೆಣ್ಣು ಇರುವ ಮಾದರಿಯನ್ನು ಇಲ್ಲದ ಮಾದರಿಯ ಜೊತೆ ರೆಮ್ಲ್ ಲೈಕ್ಲಿಹುಡ್‌ನಿಂದ ಹೋಲಿಸಲು ಬರುವುದಿಲ್ಲ. ಆರಿಸಿದ ಮೇಲೆ ಅಂತಿಮ ಅಂದಾಜಿಗೆ ರೆಮ್ಲ್‌ಗೆ ಮರಳಬಹುದು.

ಗೆದ್ದ ಮಾದರಿಯ ಉಳಿಕೆಗಳನ್ನು ಉದ್ದದ ಎದುರು ಒಂದು ಚಿತ್ರ ಬಿಡಿಸಿ ನೋಡಿ. ಸಣ್ಣ ಮೀನುಗಳ ಉಳಿಕೆಗಳೆಲ್ಲ ಗೆರೆಯ ಕೆಳಗೆ, ನಡುವಿನವು ಮೇಲೆ, ದೊಡ್ಡವು ಮತ್ತೆ ಕೆಳಗೆ ಬಿದ್ದಿದ್ದರೆ ಮೂರೂ ಮಾದರಿಗಳು ತಪ್ಪು. ಎಐಸಿ ಅವುಗಳಲ್ಲಿ ಕಡಿಮೆ ತಪ್ಪಾದದ್ದನ್ನು ಆರಿಸಿಕೊಟ್ಟಿದೆ ಅಷ್ಟೆ, ಮತ್ತು ಪಟ್ಟಿಗೆ ನಾಲ್ಕನೆಯ ಮಾದರಿ ಬೇಕು.