ಅರ್ಧ ಗಂಟೆಯ ಹಾಡು, ಜೀವಮಾನದ ಜಮೀನು

ಕೌಬಾಯ್ ಹಾಡು ಬೆಳೆದದ್ದು ದನಗಳ ನಡುವೆ. 1860ರ ದಶಕದ ಕೊನೆಯಿಂದ ಟೆಕ್ಸಾಸ್‌ನ ದನಗಳನ್ನು ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ನಡೆಸಿಕೊಂಡೇ ಹೋಗುತ್ತಿದ್ದರು. ರಾತ್ರಿ ಪಾಳಿಯವನು ಕುದುರೆ ಮೇಲೆ ಕೂತು ಮಂದೆಯ ಸುತ್ತ ನಿಧಾನಕ್ಕೆ ಸುತ್ತುತ್ತಾ ಹಾಡುತ್ತಿದ್ದ. ಖುಷಿಗೆ ಅಂದುಕೊಳ್ಳಬೇಡಿ. ಒಂದು ಗುಡುಗಿಗೆ ಇಡೀ ಮಂದೆ ಬೆದರಿ ಓಡುತ್ತಿತ್ತು. ಗುರುತಿನ ದನಿ ಕಿವಿಗೆ ಬೀಳುತ್ತಿದ್ದರೆ ದನಗಳು ಸುಮ್ನೆ ಮಲಗಿರುತ್ತಿದ್ದವು.

1930ರ ದಶಕದಲ್ಲಿ ಈ ಹಾಡನ್ನು ಹಾಲಿವುಡ್ ಎತ್ತಿಕೊಂಡಿತು. ಜೀನ್ ಆಟ್ರಿಯಂಥ ನಟರು ಇಸ್ತ್ರಿ ಮುರಿಯದ ಅಂಗಿಯಲ್ಲಿ ಗಿಟಾರ್ ಹಿಡಿದು ಬಂದರು. ಸಗಣಿ ವಾಸನೆ ಹೋಯಿತು.

ಅದನ್ನು ವಾಪಸ್ ತಂದವರಲ್ಲಿ ಒಬ್ಬ ಕೆನಡಾದ ಇಯಾನ್ ಟೈಸನ್. ಹುಟ್ಟಿದ್ದು 1933ರಲ್ಲಿ, ವಿಕ್ಟೋರಿಯಾ ಎಂಬ ಕಡಲೂರಲ್ಲಿ. ಹುಡುಗನಿಗೆ ರೋಡಿಯೋ, ಅಂದರೆ ಪಳಗದ ಕುದುರೆ ಏರಿ ಕೂರುವಂಥ ಕೌಬಾಯ್ ಪಂದ್ಯಗಳ ಹುಚ್ಚು. ಒಮ್ಮೆ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆ ಹಾಸಿಗೆಯಲ್ಲಿ ಹೊತ್ತು ಹೋಗದೆ ಗಿಟಾರ್ ಕಲಿತ. ಕಾಲು ಗಟ್ಟಿಯಿದ್ದಿದ್ದರೆ ನಮಗೆ ಈ ಹಾಡುಗಾರ ಸಿಗುತ್ತಲೇ ಇರಲಿಲ್ಲವೇನೋ!

ಆಮೇಲೆ ಟೊರಾಂಟೊ, ನ್ಯೂಯಾರ್ಕ್. ಸಿಲ್ವಿಯಾ ಫ್ರಿಕರ್ ಜೊತೆ ಜೋಡಿ ಗಾಯನ, 1964ರಲ್ಲಿ ಮದುವೆ. ಅದಕ್ಕೂ ಮುಂಚೆ ನ್ಯೂಯಾರ್ಕ್‌ನಲ್ಲಿ ತಮ್ಮ ಮ್ಯಾನೇಜರ್ ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಬರೆದದ್ದು 'ಫೋರ್ ಸ್ಟ್ರಾಂಗ್ ವಿಂಡ್ಸ್'. ಪ್ರೀತಿ ಮುರಿದವನೊಬ್ಬ ಕೆಲಸ ಹುಡುಕಿಕೊಂಡು ಪಶ್ಚಿಮ ಕೆನಡಾದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೊರಡುವ ಹಾಡು ಅದು.

ಮಜಾ ಇರುವುದು ಇಲ್ಲೇ. ಜನರ ಕಿವಿ ರಾಕ್ ಕಡೆ ತಿರುಗಿತು, 1975ರಲ್ಲಿ ಮದುವೆಯೂ ಮುರಿಯಿತು. ಟೈಸನ್ ತನ್ನ ಹಾಡಿನ ನಾಯಕನ ಹಾಗೇ ಆಲ್ಬರ್ಟಾಕ್ಕೆ ಹೊರಟರು. 1978ರಲ್ಲಿ ರಾಕ್ ಗಾಯಕ ನೀಲ್ ಯಂಗ್ ಅದೇ ಹಾಡನ್ನು ಹಾಡಿದಾಗ ಬಂದ ರಾಯಲ್ಟಿ ಅಲ್ಲಿ ರಾಂಚ್, ಅಂದರೆ ದನ-ಕುದುರೆ ಸಾಕುವ ಜಮೀನು ಕೊಳ್ಳಲು ನೆರವಾಯಿತು. ಹಾಡಿನವನು ಸೇರಬೇಕೆಂದಿದ್ದ ನಾಡಲ್ಲೇ ಹಾಡು ಜಮೀನು ಕೊಡಿಸಿತು, ನೋಡಿ.

ರಾಂಚ್‌ನಲ್ಲಿ ಕುದುರೆ ಪಳಗಿಸುತ್ತಲೇ ಬರೆದರು. 1985ರಲ್ಲಿ ನೆವಾಡಾದ ಎಲ್ಕೋದಲ್ಲಿ ದನ ಕಾಯುವವರೇ ಕವಿತೆ ಓದುವ ಮೇಳ ಶುರುವಾಯಿತು. ಕೆಲಸದ ಕಷ್ಟ ಗೊತ್ತಿದ್ದ ಕೇಳುಗರು ಒಂದೇ ಕಡೆ ಸೇರತೊಡಗಿದರು. ಮರುವರ್ಷದ 'ಕೌಬಾಯೋಗ್ರಫಿ' ಆಲ್ಬಂ ಕೆನಡಾದಲ್ಲಿ ಚೆನ್ನಾಗಿ ಮಾರಾಟವಾಗಿ ಪ್ಲಾಟಿನಂ ಮನ್ನಣೆ ಪಡೆಯಿತು. ಹಾಲಿವುಡ್‌ನ ಸೂರ್ಯಾಸ್ತಕ್ಕಿಂತ ಇವರ ಹಾಡಿನ ಕುದುರೆ ಜೀನು, ಹಗ್ಗ, ಚಳಿಗಾಲವೇ ನನಗೆ ಜಾಸ್ತಿ ಇಷ್ಟ.

ಎಪ್ಪತ್ತು ದಾಟಿದ ಮೇಲೆ ಗಂಟಲು ಕೈಕೊಟ್ಟಿತು. ಹೊರಾಂಗಣ ಕಾರ್ಯಕ್ರಮವೊಂದರಲ್ಲಿ ಕೆಟ್ಟ ಧ್ವನಿವ್ಯವಸ್ಥೆಯೊಂದಿಗೆ ಗುದ್ದಾಡಿ ದನಿ ಹಾಳಾಯಿತು. ಬೆನ್ನಿಗೇ ವೈರಸ್ ಸೋಂಕು. ಉಳಿದದ್ದು ಜಲ್ಲಿ ಸುರಿದಂಥ ದನಿ. ಟೈಸನ್ ನಿಲ್ಲಿಸಲಿಲ್ಲ. 2008ರಲ್ಲಿ ಆ ದನಿಯಲ್ಲೇ ಹೊಸ ಆಲ್ಬಂ ತಂದರು. ಅದರ ಶೀರ್ಷಿಕೆ ಗೀತೆ, ಕೆನಡಾದಲ್ಲಿ ಹಿಡಿದು ಅಮೆರಿಕದ ಯೆಲ್ಲೋಸ್ಟೋನ್ ಕಾಡಿಗೆ ಸಾಗಿಸಿದ ತೋಳದ ಕಥೆ. ಹಳೆಯ ನುಣುಪು ಗಂಟಲಲ್ಲಿ ಆ ತೋಳ ಅಷ್ಟು ನಿಜ ಅನ್ನಿಸುತ್ತಿರಲಿಲ್ಲ.

2022ರ ಡಿಸೆಂಬರ್ 29ರಂದು, 89ನೇ ವಯಸ್ಸಿನಲ್ಲಿ, ಅದೇ ರಾಂಚ್‌ನಲ್ಲಿ ತೀರಿಕೊಂಡರು.