ಕಣ್ಣಿನ ಹುಣ್ಣಿಗೆ ಇಂದಿಗೂ ಹಳೆಯ ಮದ್ದೇ ಮೊದಲು

ಸುಗ್ಗಿಯಲ್ಲಿ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ತಾಗುತ್ತದೆ. ನೀರು ಹಾಕಿ ತೊಳೆದುಕೊಂಡು ಕೆಲಸ ಮುಂದುವರಿಸುತ್ತಾರೆ. ಕೆಲವರಿಗೆ ನಾಲ್ಕಾರು ದಿನಗಳಲ್ಲಿ ಕರಿಗುಡ್ಡೆಯ ಮೇಲೆ ಬೂದು ಚುಕ್ಕೆ ಮೂಡಿ, ಬೆಳಕು ನೋಡಲಾಗದಷ್ಟು ನೋವು ಶುರುವಾಗುತ್ತದೆ. ಇದು ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ಹುಣ್ಣು. ಮಾಯ್ದ ಮೇಲೂ ಬಿಳಿ ಕಲೆ ಉಳಿದರೆ ಊರವರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ.

ಇಂಥ ಹುಣ್ಣಿಗೆ ಬೂಷ್ಟೂ ಕಾರಣವೆಂದು ಮೊದಲು ಬರೆದಿಟ್ಟವರು ಜರ್ಮನಿಯ ಥಿಯೊಡೋರ್ ಲೇಬರ್, 1879ರಲ್ಲಿ. ಅವರ ರೋಗಿಯೂ ರೈತನೇ. ಒಕ್ಕಣೆಯಲ್ಲಿ ಓಟ್ಸ್ ಹೊಟ್ಟು ಕಣ್ಣಿಗೆ ಸಿಡಿದಿತ್ತು. ಆದರೆ ತಕ್ಕ ಮದ್ದಿಗೆ ದಶಕಗಳೇ ಕಾಯಬೇಕಾಯಿತು. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ನಟಾಮೈಸಿನ್ ಸಿಕ್ಕಿತು. ಚೀಸ್ ಮೇಲೆ ಬೂಷ್ಟು ಕಟ್ಟದಂತೆ ಬಳಸುವುದೂ ಇದನ್ನೇ. ಕಣ್ಣಿನ ಹನಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1978ರಲ್ಲಿ.

ನೋಡಲು ಹಾಲಿನಂತಿರುವ ಈ ಮದ್ದು ಶೀಶೆಯ ತಳದಲ್ಲಿ ಕೂರುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಿಯೇ ಹಾಕಬೇಕು. ಆರಂಭದಲ್ಲಿ ಗಂಟೆಗೊಮ್ಮೆ. ಬಿಳಿ ಪುಡಿ ಹುಣ್ಣಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಆಳಕ್ಕೆ ಇಳಿಯುವ ಹೊಸ ಮದ್ದು ವೊರಿಕೊನಜೋಲ್ ಬಂದಾಗ ವೈದ್ಯರಿಗೆ ಆಸೆ ಹುಟ್ಟಿದ್ದು ಸಹಜ. ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಅಮೆರಿಕದ ಸಂಶೋಧಕರ ಜೊತೆಗೂಡಿ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿದರು. 2013ರಲ್ಲಿ ಫಲಿತಾಂಶ ಬಂತು: ಗೆದ್ದದ್ದು ಹಳೆಯದೇ. ನಮ್ಮ ಕಡೆ ಹೆಚ್ಚಾಗಿ ಕಾಣುವ ಫ್ಯುಸೇರಿಯಂ ಬೂಷ್ಟಿನಲ್ಲಂತೂ ಅಂತರ ಎದ್ದು ಕಾಣುತ್ತಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಟಾಮೈಸಿನ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆದರೆ ಹುಣ್ಣು ಬೂಷ್ಟಿನದೋ ಬ್ಯಾಕ್ಟೀರಿಯಾದ್ದೋ ಎಂದು ತಿಳಿಯಬೇಕಲ್ಲ! ಮದುರೆಯಲ್ಲೇ 1990ರ ದಶಕದಲ್ಲಿ 434 ರೋಗಿಗಳನ್ನು ಪರೀಕ್ಷಿಸಿದಾಗ, ಪ್ರಯೋಗಾಲಯದಲ್ಲಿ ರೋಗಾಣು ಬೆಳೆದು ಪತ್ತೆಯಾದವರಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ, ತಲಾ ಶೇ 47ರ ಆಸುಪಾಸು. ಊಹೆಯಿಂದ ಮದ್ದು ಹಾಕಿದರೆ ಅರ್ಧಕ್ಕರ್ಧ ತಪ್ಪುವ ಲೆಕ್ಕ ಇದು. ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ತುಸುವೇ ಕೆರೆದು ಸ್ಲೈಡಿಗೆ ಹಚ್ಚಿ, ಮೇಲೆ ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಟ್ಟರೆ ಸೂಕ್ಷ್ಮದರ್ಶಕದಲ್ಲಿ ಬೂಷ್ಟಿನ ಕವಲೊಡೆದ ಎಳೆಗಳು ಕಾಣುತ್ತವೆ. ಇಷ್ಟು ಸರಳ ಪರೀಕ್ಷೆ ತಾಲ್ಲೂಕು ಮಟ್ಟದಲ್ಲೆಲ್ಲ ಸಿಗಬೇಕೆಂಬುದು ನನ್ನ ಒತ್ತಾಯ. ಯಾಕೆಂದರೆ ಕೆಂಪು ಕಣ್ಣಿಗೆಂದು ಮೆಡಿಕಲ್ ಶಾಪಿನಿಂದ ತಂದು ಹಾಕಿಕೊಳ್ಳುವ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪೇನೋ ಇಳಿಯುತ್ತದೆ, ಬೂಷ್ಟು ಒಳಗೊಳಗೇ ಹಬ್ಬುತ್ತದೆ.

ಕಣ್ಣಿಗೆ ಗೀರಾದ ದಿನವೇ ಚಿಕಿತ್ಸೆಗೆ ಬಂದರೆ ಏನಾಗಬಹುದು? ನೇಪಾಳದ ಭಕ್ತಪುರದಲ್ಲಿ ಗೀರಾದ ಕಣ್ಣುಗಳಿಗೆ ದಿನಕ್ಕೆ ಮೂರು ಸಲದಂತೆ ಮೂರು ದಿನ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಿ ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹೋಲಿಕೆಗೆ ಮುಲಾಮು ಹಚ್ಚದ ಗುಂಪು ಇರಲಿಲ್ಲ, ಅದು ಈ ಅಧ್ಯಯನದ ಕೊರತೆ. ಆದರೂ ಹದಿನೆಂಟು ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡನೆಯ ದಿನದೊಳಗೆ ಬಂದ 49 ಜನರಲ್ಲಿ 14 ಮಂದಿಗೆ ಆಗಿತ್ತು.