ಪದ ಪರಿಚಯ: ಕಲಾಪ

ಸಂಸತ್ ಅಧಿವೇಶನ ನಡೆಯುವ ದಿನಗಳಲ್ಲಿ ‘ಗದ್ದಲಕ್ಕೆ ಕಲಾಪ ಬಲಿ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಮಾಮೂಲು. ಬಲಿಯಾದದ್ದು ಏನು ಎಂಬುದು ಮಾತ್ರ ಆ ಸುದ್ದಿಯಲ್ಲಿ ಇರುವುದು ಅಪರೂಪ. ಅಂದು ಯಾವ ಪ್ರಶ್ನೆಗೆ ಉತ್ತರ ಬರಬೇಕಿತ್ತು, ಯಾವ ಮಸೂದೆ ಚರ್ಚೆಯಾಗಬೇಕಿತ್ತು, ಯಾವ ಊರಿನ ಅಹವಾಲು ಸರದಿಯಲ್ಲಿತ್ತು ಎಂದು ತಿಳಿಯದಿದ್ದರೆ ಆದ ನಷ್ಟವೂ ತಿಳಿಯುವುದಿಲ್ಲ. ಕೊಡಗಿನಂಥ ಸಣ್ಣ ಜಿಲ್ಲೆಯವರಿಗೆ ಇದು ಇನ್ನೂ ಮುಖ್ಯ. ಮೈಸೂರು–ಕೊಡಗು ಲೋಕಸಭಾ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಮಡಿಕೇರಿ, ವಿರಾಜಪೇಟೆ ಎರಡೇ. ದೆಹಲಿಯಲ್ಲಿ ನಮ್ಮ ಮಾತಿಗೆ ಸಿಗುವ ನಿಮಿಷಗಳೇ ಕಡಿಮೆ. ಆ ನಿಮಿಷಗಳು ಯಾವ ಲೆಕ್ಕಕ್ಕೆ ಹೋದವು ಎಂದಾದರೂ ನಮಗೆ ಗೊತ್ತಿರಬೇಕು.

ಸದನವೊಂದು ಒಂದು ದಿನ ಸೇರಿ ಮಾಡುವ ಕೆಲಸಕ್ಕೆಲ್ಲ ಒಟ್ಟಾಗಿ ಕಲಾಪ ಎನ್ನುತ್ತಾರೆ. ಪ್ರಶ್ನೆ ಕೇಳುವುದು, ವರದಿಗಳನ್ನು ಮಂಡಿಸುವುದು, ಊರಿನ ಕಷ್ಟ ಹೇಳುವುದು, ಮಸೂದೆ ಚರ್ಚಿಸುವುದು, ಮತಕ್ಕೆ ಹಾಕುವುದು ಎಲ್ಲವೂ ಇದರಲ್ಲಿ ಬಂತು. ಆದರೆ ಇವೆಲ್ಲ ಒಂದೇ ತೂಕದವಲ್ಲ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಕಾಡಾನೆ ತೋಟಕ್ಕೆ ನುಗ್ಗಿ ಯಾರದಾದರೂ ಜೀವ ಹೋದಾಗ ಕೇಳಿಬರುವ ಮಾತು ಒಂದಿದೆ: ‘ಎಂಪಿಯವ್ರು ಸಂಸತ್ತಲ್ಲಿ ಮಾತಾಡಿದ್ರಲ್ಲ, ಆಮೇಲೆ ಏನಾಯ್ತಣ್ಣ?’ ಈ ಪ್ರಶ್ನೆಗೆ ಉತ್ತರ ಬೇಕಾದರೆ ಅವರು ಕಲಾಪದ ಯಾವ ಭಾಗದಲ್ಲಿ ಮಾತಾಡಿದರು ಎಂದು ಮೊದಲು ಹುಡುಕಬೇಕು. ಕೆಲವು ಹೊತ್ತಿನಲ್ಲಿ ಆಡಿದ ಮಾತಿಗೆ ಸಚಿವರು ಉತ್ತರ ಕೊಡಲೇಬೇಕು. ಕೆಲವು ಹೊತ್ತಿನದಕ್ಕೆ ಕೊಡಬೇಕಿಲ್ಲ.

ಪ್ರತಿದಿನಕ್ಕೂ ಒಂದು ಕಲಾಪ ಪಟ್ಟಿ ಇರುತ್ತದೆ. ಅಂದು ಏನೇನು, ಯಾವ ಕ್ರಮದಲ್ಲಿ ಎಂಬುದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸರ್ಕಾರದ ಮಸೂದೆಗಳಿಗೆ ಎಷ್ಟು ಗಂಟೆ ಎಂದು ಕಾರ್ಯಕಲಾಪ ಸಲಹಾ ಸಮಿತಿ ಶಿಫಾರಸು ಮಾಡುತ್ತದೆ. ಸ್ಪೀಕರ್ ಅದರ ಅಧ್ಯಕ್ಷರು, ಪಕ್ಷಗಳ ಪ್ರಮುಖರು ಸದಸ್ಯರು. ಯಾವ ಮಸೂದೆಯನ್ನು ಮುಂದೆ ತರಬೇಕು, ಯಾವುದನ್ನು ಇನ್ನಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಆಯ್ಕೆ ಮಾತ್ರ ಬಹುಪಾಲು ಸರ್ಕಾರದ ಕೈಯಲ್ಲೇ ಇರುತ್ತದೆ.

ಲೋಕಸಭೆ ಬೆಳಿಗ್ಗೆ 11ಕ್ಕೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಇದನ್ನು ಮಧ್ಯಾಹ್ನ 12ಕ್ಕೆ ಬದಲಿಸಿದ್ದಾರೆ. ನನ್ನ ಪ್ರಕಾರ ಇಡೀ ದಿನದಲ್ಲಿ ಜನರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಗಂಟೆ ಇದೇ. ಇಲ್ಲಿ ಆಡಳಿತ ಪಕ್ಷದ ಸದಸ್ಯರೂ ತಮ್ಮದೇ ಸಚಿವರನ್ನು ಪ್ರಶ್ನಿಸಬಹುದು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ, ಅವುಗಳಿಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದವು 230, ಅವುಗಳಿಗೆ ಲಿಖಿತ ಉತ್ತರ. ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು, ಯಾರ ಪ್ರಶ್ನೆ ಮೊದಲು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಖಾತೆಗಳನ್ನು ಐದು ಗುಂಪು ಮಾಡಿ ವಾರದ ಐದು ದಿನಗಳಿಗೆ ಹಂಚಿರುವುದರಿಂದ ಯಾವ ಖಾತೆಯ ಪ್ರಶ್ನೆ ಯಾವ ದಿನ ಎಂಬುದೂ ಮೊದಲೇ ಗೊತ್ತಿರುತ್ತದೆ. ನಮ್ಮ ಕಾಫಿ ವಾಣಿಜ್ಯ ಖಾತೆಯ ದಿನ ಬರುತ್ತದೆ, ಕಾಡಾನೆ ಪರಿಸರ ಖಾತೆಯ ದಿನ.

ಪ್ರಶ್ನೆಗೆ ಒಂದು ನಿಶ್ಚಿತ ರೂಪವಿದೆ. ‘ಪರಿಸರ ಸಚಿವರು ದಯವಿಟ್ಟು ತಿಳಿಸುವರೇ: (ಅ) ಕೊಡಗು ಜಿಲ್ಲೆಯಲ್ಲಿ ಕಾಡಾನೆ ದಾಳಿ ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ; (ಆ) ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳ ವಿವರವೇನು; (ಇ) ಈ ಬಗ್ಗೆ ಕೈಗೊಂಡ ಕ್ರಮಗಳೇನು?’ ಹೀಗೆ ಅಕ್ಷರ ಹಾಕಿ ತುಂಡು ತುಂಡಾಗಿ ಕೇಳುವುದಕ್ಕೆ ಕಾರಣವಿದೆ: ಒಂದು ತುಂಡಿಗೆ ಉತ್ತರ ತಪ್ಪಿಸಿದರೂ ಓದಿದವರಿಗೆ ತಕ್ಷಣ ಕಾಣುತ್ತದೆ. ಉತ್ತರದಲ್ಲಿ ‘ವನ್ಯಜೀವಿ ನಿರ್ವಹಣೆಯ ಮೊದಲ ಹೊಣೆ ರಾಜ್ಯ ಸರ್ಕಾರದ್ದು’ ಎಂಬ ಸಾಲು ಬರುವುದು ಸಾಮಾನ್ಯ. ಹಾಗಿದ್ದರೂ ಸಾವಿನ ಸಂಖ್ಯೆ, ಕೊಟ್ಟ ಪರಿಹಾರ, ಬಿಡುಗಡೆಯಾದ ಹಣದಂಥ ಅಂಕಿ ಅಂಶ ಸರ್ಕಾರದ ಬಾಯಿಂದಲೇ ದಾಖಲೆಗೆ ಸೇರುತ್ತದೆ. ಮುಂದೆ ಅರ್ಜಿ ಬರೆಯುವವರಿಗೂ ಕೋರ್ಟಿಗೆ ಹೋಗುವವರಿಗೂ ಅದು ಆಧಾರ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಕೇಳಿದವರು ಅಲ್ಲೇ ಉಪಪ್ರಶ್ನೆ ಹಾಕಿ ಸಚಿವರನ್ನು ಹಿಡಿದು ನಿಲ್ಲಿಸಬಹುದು. ಆದರೆ 20ರಲ್ಲಿ ಬಾಯಿಮಾತಿನ ಉತ್ತರಕ್ಕೆ ಬರುವುದು ಬಹುತೇಕ ದಿನ ನಾಲ್ಕೈದೇ. ಗದ್ದಲವಾಗಿ ಸದನ 12ರವರೆಗೆ ಮುಂದೂಡಿದರೆ ಆ ನಾಲ್ಕೈದೂ ಹೋದವು. ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆ ಮಾತ್ರ ಕೈತಪ್ಪುತ್ತದೆ. ‘ಕಲಾಪ ಬಲಿ’ ಎನ್ನುವಾಗ ನಾನು ಮೊದಲು ನೆನೆಯುವುದು ಈ ಉಪಪ್ರಶ್ನೆಯನ್ನೇ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಉತ್ತರದಲ್ಲಿ ಸಚಿವರು ‘ವಿಷಯ ಪರಿಶೀಲನೆಯಲ್ಲಿದೆ’ ಎಂದುಬಿಟ್ಟರೆ ಅದನ್ನು ಭರವಸೆ ಎಂದೇ ಪರಿಗಣಿಸಬಹುದು. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂದು ಒಂದೊಂದಿದೆ. ಹೀಗೆ ಕೊಟ್ಟ ಮಾತನ್ನು ಮೂರು ತಿಂಗಳಲ್ಲಿ ಈಡೇರಿಸಬೇಕೆಂಬುದು ನಿಯಮ, ಆಗದಿದ್ದರೆ ಸಮಿತಿಯ ಮುಂದೆ ಕಾರಣ ಹೇಳಿ ಕಾಲಾವಕಾಶ ಕೇಳಬೇಕು. ಆನೆ ಕಂದಕಕ್ಕೋ ರೈಲ್ವೆ ಬ್ಯಾರಿಕೇಡಿಗೋ (ಆನೆ ತಡೆಯಲು ಹಳೆ ರೈಲು ಹಳಿಗಳಿಂದ ಕಟ್ಟುವ ಬೇಲಿ) ಹೋರಾಡುವ ಬೆಳೆಗಾರರ ಸಂಘಗಳು ಈ ಸಮಿತಿಯ ವರದಿಗಳನ್ನು ಓದಬೇಕೆಂದು ನನ್ನ ಆಸೆ.

ಲೋಕಸಭೆಯಲ್ಲಿ 12 ಗಂಟೆಗೆ ವರದಿ, ಅಧಿಸೂಚನೆಗಳ ಮಂಡನೆ. ಕಾಫಿ ಮಂಡಳಿಯ ವಾರ್ಷಿಕ ವರದಿ, ಲೆಕ್ಕಪತ್ರ ಸದನಕ್ಕೆ ಬರುವುದು ಈ ಹೊತ್ತಿನಲ್ಲೇ. ಯಾರೂ ಮಾತಾಡುವುದಿಲ್ಲ, ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಅದಾದ ಮೇಲೆ ಶೂನ್ಯ ವೇಳೆ. ಸದನದ ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ. 1960ರ ದಶಕದ ಆರಂಭದಲ್ಲಿ ರೂಢಿಯಿಂದ ಬಂದು ನೆಲೆನಿಂತದ್ದು. 15 ದಿನದ ನೋಟಿಸ್ ಬೇಕಿಲ್ಲ, ನಿನ್ನೆ ರಾತ್ರಿ ನಡೆದದ್ದನ್ನು ಇಂದು ಎತ್ತಬಹುದು. ಸಿಗುವುದು ಒಂದೆರಡು ನಿಮಿಷ. ಸಚಿವರು ಉತ್ತರಿಸಲೇಬೇಕೆಂಬ ಕಟ್ಟುಪಾಡು ಇಲ್ಲ. ನಮ್ಮ ಮೊಬೈಲಿಗೆ ಬರುವ ‘ಸಂಸತ್ತಿನಲ್ಲಿ ಕೊಡಗಿನ ದನಿ’ ಎಂಬಂಥ ವಿಡಿಯೋ ತುಣುಕುಗಳು ಬಹುಮಟ್ಟಿಗೆ ಈ ಹೊತ್ತಿನವು. ದನಿ ಎತ್ತಿದ್ದು ಒಳ್ಳೆಯದೇ. ಅದರ ಬೆನ್ನಿಗೆ ಒಂದು ಪ್ರಶ್ನೆಯನ್ನೂ ಹಾಕಿದರೇ ಎಂದು ನಾವು ಕೇಳಬೇಕು. 377ನೇ ನಿಯಮದಡಿ ಎತ್ತುವ ವಿಷಯಗಳು ಇದಕ್ಕಿಂತ ಗಟ್ಟಿ: 250 ಪದ ಮೀರದ ಬರಹ, ಅದಕ್ಕೆ ಸಚಿವರು ಆಮೇಲೆ ಪತ್ರ ಮುಖೇನ ಉತ್ತರಿಸುತ್ತಾರೆ. ಸದಸ್ಯರು ಕನ್ನಡದಲ್ಲೇ ಮಾತಾಡಬಹುದು, ಭಾಷಾಂತರದ ವ್ಯವಸ್ಥೆ ಇದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾ ಪಟ್ಟಿಗೆ ಸೇರದ ಕೊಡವ ತಕ್ಕಿಗೆ, ಅಂದರೆ ಕೊಡವ ಭಾಷೆಗೆ, ಆ ಸೌಕರ್ಯ ಇಲ್ಲ.

ಆದರೆ ಇವೆಲ್ಲ ಸದನ ಸೇರಿದ್ದರೆ ತಾನೆ? ಕೊಡಗಿನವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. 2018ರ ಮುಂಗಾರು ಅಧಿವೇಶನ ಜುಲೈ 18ಕ್ಕೆ ಶುರುವಾಗಿ ಆಗಸ್ಟ್ 10ಕ್ಕೆ ಮುಗಿಯಿತು. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ್ದು ಅದೇ ಆಗಸ್ಟ್ ಮಧ್ಯದಲ್ಲಿ. ಸಂಸತ್ತು ಮತ್ತೆ ಸೇರಿದ್ದು ಡಿಸೆಂಬರ್ 11ಕ್ಕೆ. ಪರಿಹಾರ ಕೇಂದ್ರಗಳಲ್ಲಿ ಜನ ತುಂಬಿದ್ದ ವಾರಗಳಲ್ಲಿ ಪ್ರಶ್ನೋತ್ತರ ವೇಳೆಯೂ ಇರಲಿಲ್ಲ, ಶೂನ್ಯ ವೇಳೆಯೂ ಇರಲಿಲ್ಲ. 2019ರಲ್ಲಿ ಲೋಕಸಭೆ ಆಗಸ್ಟ್ 6ಕ್ಕೆ ಮುಗಿಯಿತು, ತೋರ ಮತ್ತು ಕೋರಂಗಾಲದ ಕುಸಿತ ಅದರ ಬೆನ್ನಿಗೇ ಬಂತು. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿಯಿತು. ಆ ವರ್ಷ ಸಂಸತ್ತು ಸೇರಿದ್ದು ಸೆಪ್ಟೆಂಬರ್ 14ಕ್ಕೆ, ಅದೂ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆ ಇಲ್ಲದೆ. ಶೂನ್ಯ ವೇಳೆಯನ್ನು ಅರ್ಧ ಗಂಟೆಗೆ ಇಳಿಸಿದ್ದರು, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ ಬಂತು. ಹೀಗೆ ಮೂರು ಮಳೆಗಾಲ ಸಾಲಾಗಿ ನಮ್ಮ ಬೆಟ್ಟ ಜಾರಿದ್ದು ಸದನ ಇಲ್ಲದ ದಿನಗಳಲ್ಲಿ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದಷ್ಟೇ ಸಂವಿಧಾನದ 85ನೇ ವಿಧಿ ಹೇಳುತ್ತದೆ. ವರ್ಷಕ್ಕೆ ಇಷ್ಟು ದಿನ ಸೇರಲೇಬೇಕೆಂಬ ಲೆಕ್ಕ ಅದರಲ್ಲಿಲ್ಲ. ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಮಧ್ಯಾಹ್ನದ ಊಟದ ಬಿಡುವಿನ ನಂತರದ ಕೆಲಸ, ಅಂದರೆ ತೀರ್ಮಾನ. ಮಸೂದೆಗೆ ಮೂರು ಹಂತ. ಮೊದಲು ಮಂಡನೆ. ಆಮೇಲೆ ಪರ್ಯಾಲೋಚನೆ, ಇದರಲ್ಲಿ ಮೊದಲು ಒಟ್ಟು ಆಶಯದ ಚರ್ಚೆ, ಬಳಿಕ ಒಂದೊಂದು ಖಂಡವಾಗಿ ಮತ. ಕೊನೆಗೆ ಅಂಗೀಕಾರ. ಸ್ಪೀಕರ್ ಕೇಳಿದಾಗ ಪರ ಇರುವವರು ‘ಹೌದು’ ಎಂದು ಕೂಗುತ್ತಾರೆ, ವಿರೋಧಿಸುವವರು ‘ಇಲ್ಲ’ ಎನ್ನುತ್ತಾರೆ. ಯಾವ ಕೂಗು ಜೋರು ಎಂದು ಸ್ಪೀಕರ್‌ಗೆ ತೋರಿತೋ ಆ ಕಡೆ ಗೆದ್ದಂತೆ. ಇದೇ ಧ್ವನಿಮತ, ಹೆಚ್ಚಿನ ಮಸೂದೆಗಳು ಪಾಸಾಗುವುದು ಹೀಗೆಯೇ. ಯಾರು ಪರ, ಯಾರು ವಿರುದ್ಧ ಎಂದು ಹೆಸರುಗಳು ದಾಖಲಾಗುವುದಿಲ್ಲ. ಫಲವನ್ನು ಒಪ್ಪದ ಸದಸ್ಯರು ಮತ ವಿಭಜನೆ ಕೇಳಬೇಕು. ಆಗ ಮೂರೂವರೆ ನಿಮಿಷ ಗಂಟೆ ಬಾರಿಸುತ್ತದೆ. ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ಇದ್ದವರು ಓಡಿ ಬರುತ್ತಾರೆ, ಬಾಗಿಲು ಮುಚ್ಚುತ್ತದೆ, ಗುಂಡಿ ಒತ್ತಿ ಮತ. ಈಗ ಪ್ರತಿಯೊಬ್ಬರ ನಿಲುವೂ ದಾಖಲೆಗೆ ಬಂತು. ನಮ್ಮ ಬದುಕಿಗೆ ತಗಲುವ ಮಸೂದೆಗೆ ನಮ್ಮ ಸಂಸದರು ಹೇಗೆ ಮತ ಹಾಕಿದರು ಎಂದು ತಿಳಿಯಲು ಇದಲ್ಲದೆ ಬೇರೆ ದಾರಿಯಿಲ್ಲ.

ಸಾಮಾನ್ಯ ಮಸೂದೆಗೆ ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಕೋರಂ, ಅಂದರೆ ಸಭೆ ನಡೆಯಲು ಹಾಜರಿರಲೇಬೇಕಾದ ಸದಸ್ಯರ ಸಂಖ್ಯೆ, ಒಟ್ಟು ಸದಸ್ಯಬಲದ ಹತ್ತನೇ ಒಂದು, ಲೋಕಸಭೆಯಲ್ಲಿ 55 ಮಂದಿ. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆ. ಸಚಿವರಲ್ಲದ ಯಾವ ಸದಸ್ಯರೂ ಅಲ್ಲಿ ಮಸೂದೆ ತರಬಹುದು, ಆದರೆ 1970ರ ನಂತರ ಅಂಥ ಒಂದೂ ಕಾನೂನಾಗಿಲ್ಲ.

ಸದನದ ತೀರ್ಮಾನಕ್ಕೆ ಎಂಥ ಬಲವಿದೆ ಎಂಬುದಕ್ಕೆ ಕೊಡಗೇ ಸಾಕ್ಷಿ. 1952ರಿಂದ 1956ರವರೆಗೆ ಕೊಡಗು 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ‘ಸಿ’ ರಾಜ್ಯ (ಸಂವಿಧಾನದ ಅಂದಿನ ವಿಂಗಡಣೆಯಲ್ಲಿ ‘ಸಿ’ ವರ್ಗದ ರಾಜ್ಯ), ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಲೋಕಸಭೆಯಲ್ಲೂ ಕೊಡಗಿಗೆಂದೇ ಒಂದು ಸ್ಥಾನವಿತ್ತು. 1956ರಲ್ಲಿ ಸಂಸತ್ತು ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ನು ಅಂಗೀಕರಿಸಿತು. ಹೊಸ ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳ ಪಟ್ಟಿಯಲ್ಲಿ ಕೊಡಗಿಗೆ ಸಿಕ್ಕಿದ್ದು ಒಂದು ಸಾಲು. ಆ ವರ್ಷದ ನವೆಂಬರ್ 1ರಂದು ರಾಜ್ಯ ಜಿಲ್ಲೆಯಾಯಿತು. ಸಂವಿಧಾನದ 3ನೇ ವಿಧಿಯಂತೆ ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಸಂಸತ್ತು ಅದಕ್ಕೆ ಬದ್ಧವಲ್ಲ. ವಿಲೀನ ಸರಿಯೋ ತಪ್ಪೋ ಎಂಬ ವಾದ ನಮ್ಮಲ್ಲಿ ಇಂದಿಗೂ ಇದೆ, ನಾನು ಅದಕ್ಕೆ ಇಲ್ಲಿ ಇಳಿಯುವುದಿಲ್ಲ. ಎರಡು ಸದನಗಳ ಕೆಲವು ದಿನಗಳ ಕಲಾಪದಲ್ಲಿ ಒಂದು ರಾಜ್ಯ ಹೋಗಿ ಜಿಲ್ಲೆಯಾಗುವಷ್ಟು ಅಧಿಕಾರ ಅಡಗಿದೆ ಎಂಬುದನ್ನು ಮಾತ್ರ ಕೊಡಗಿನ ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕು. ಇದೇ ಪೂಣಚ್ಚನವರು ಮುಂದೆ ಕೇಂದ್ರದ ರೈಲ್ವೆ ಸಚಿವರಾದರು. ಕೊಡಗಿಗೆ ರೈಲು ಇನ್ನೂ ಬಂದಿಲ್ಲ, ಮೈಸೂರು–ಕುಶಾಲನಗರ ಮಾರ್ಗದ ಬೇಡಿಕೆ ಇಂದಿಗೂ ಬೇಡಿಕೆಯೇ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು ಉಳಿದಿದೆ, ಬೆಳೆಗಾರರಿಗೆ ನೇರ ಸಂಬಂಧಿಸಿದ್ದು. ದಿನದ ಕಲಾಪ ಪಟ್ಟಿ ಬೇರೆ, ಅಧಿವೇಶನಕ್ಕೆ ಮುಂಚೆ ಸರ್ಕಾರ ಕೊಡುವ ಮಸೂದೆಗಳ ಪಟ್ಟಿ ಬೇರೆ. ಎರಡನೆಯದರಲ್ಲಿ ಹೆಸರಿದ್ದ ಮಾತ್ರಕ್ಕೆ ಮಸೂದೆ ಸದನಕ್ಕೆ ಬಂತು ಎಂದಲ್ಲ. 2022ರ ಮುಂಗಾರು ಅಧಿವೇಶನದ ಪಟ್ಟಿಯಲ್ಲಿ ಕಾಫಿ (ಉತ್ತೇಜನ ಮತ್ತು ಅಭಿವೃದ್ಧಿ) ಮಸೂದೆ ಇತ್ತು. ಗೋಣಿಕೊಪ್ಪದಿಂದ ಸೋಮವಾರಪೇಟೆವರೆಗೆ ಎಲ್ಲ ಕಡೆ ಅದರದೇ ಮಾತು. ಅದು ಮಂಡನೆಯಾಗಲಿಲ್ಲ. 2024ರ ಜುಲೈ–ಆಗಸ್ಟ್ ಅಧಿವೇಶನಕ್ಕೆ ಪಟ್ಟಿ ಮಾಡಿದ್ದ ಆರು ಮಸೂದೆಗಳಲ್ಲೂ ಅದರ ಹೆಸರಿತ್ತು, ಜೊತೆಗೆ ರಬ್ಬರ್ ಮಸೂದೆ. ಆಗಲೂ ಮಂಡನೆಯಾಗಲಿಲ್ಲ. ಮಂಡನೆಯೇ ಆಗದ ಮಸೂದೆಗೆ ಸದನದ ದಾಖಲೆಯಲ್ಲಿ ಚರ್ಚೆಯಿಲ್ಲ, ತಿದ್ದುಪಡಿಯಿಲ್ಲ. ಮಸೂದೆಯನ್ನು ವಿವರವಾಗಿ ಪರಿಶೀಲಿಸುವ ಸ್ಥಾಯಿ ಸಮಿತಿಗೆ ಕಳಿಸಿ ಎಂದು ಕೇಳಲೂ ಬರುವುದಿಲ್ಲ. 2024ರ ಆ ಅಧಿವೇಶನ ಆಗಸ್ಟ್ 9ಕ್ಕೆ ಮುಗಿದಾಗ ಕಾಫಿಗೆ ಜಾರಿಯಲ್ಲಿದ್ದದ್ದು 1942ರ ಕಾಯ್ದೆಯೇ. ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ (ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆ) ಒಪ್ಪಿಸಬೇಕಿದ್ದ ಕಾಲಕ್ಕೆಂದು ಬರೆದ ಕಾಯ್ದೆ ಅದು, ಆ ಪೂಲ್ ವ್ಯವಸ್ಥೆ 1990ರ ದಶಕದಲ್ಲೇ ಕಳಚಿಹೋಗಿದೆ. ಮುಂದಿನ ಸಲ ಅಧಿವೇಶನದ ಪಟ್ಟಿಯಲ್ಲಿ ಕಾಫಿಯ ಹೆಸರು ಕಂಡರೆ, ದಿನದ ಪಟ್ಟಿಯಲ್ಲಿ ‘ಮಂಡನೆ’ ಎಂಬ ತಲೆಬರಹದ ಕೆಳಗೆ ಅದು ಬಂತೇ ಎಂದು ನೋಡಿ. ಬರಲಿಲ್ಲವಾದರೆ ಸಂಸದರಿಗೆ ಪತ್ರ ಬರೆಯಲು ಸರಿಯಾದ ಹೊತ್ತು ಅದೇ.